ಮೇಲ್ ಕಳೆದುಹೋಗುವುದಿಲ್ಲ, ಲಾಗ್ ತೆರೆದು ನೋಡಿ

ಸಂಪಾದಕರಿಗೆ ನಮಸ್ಕಾರ.

ಕಳೆದ ಸೋಮವಾರ ನಿಮ್ಮ ಓದುಗರ ಪತ್ರಗಳಲ್ಲಿ ಒಬ್ಬ ತಂದೆ ಬರೆದದ್ದು ಓದಿದೆ. ಮಗಳಿಗೆ ಒಂದು ಕಚೇರಿಯಿಂದ ಸಂದರ್ಶನದ ಕರೆ ಬರಬೇಕಿತ್ತು, ಬರಲಿಲ್ಲ. ದಿನ ದಾಟಿದ ಮೇಲೆ ಹೋಗಿ ವಿಚಾರಿಸಿದರೆ "ನಾವು ಮೇಲ್ ಕಳಿಸಿದ್ದೇವೆ, ನೀವು ನೋಡಿಲ್ಲ ಅಷ್ಟೆ" ಅಂದರಂತೆ. ಇನ್ನೊಂದು ಮೇಜಿನವರು "ಕಂಪ್ಯೂಟರ್ ಪ್ರಾಬ್ಲಂ ಇರಬಹುದು" ಅಂದರಂತೆ. ಅಲ್ಲಿಗೆ ಮುಗಿಯಿತು. ಆ ಪತ್ರ ಓದಿ ನನಗೆ ಎರಡು ದಿನ ಬೇರೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಯಾಕೆಂದರೆ ಅದೇ ಉತ್ತರವನ್ನು ಒಮ್ಮೆ ನಾನೂ ಒಬ್ಬರಿಗೆ ಕೊಟ್ಟಿದ್ದೇನೆ, ಮತ್ತು ಅದು ತಪ್ಪು ಉತ್ತರವಾಗಿತ್ತು.

ನಾನು ಶಿರಸಿ ಕಡೆಯ ಒಂದು ಅಡಿಕೆ ಬೆಳೆಗಾರರ ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುತ್ತೇನೆ. ಒಂಬತ್ತು ವರ್ಷದಿಂದ ಸಂಘದ ಮೇಲ್ ಸರ್ವರ್ (ಮೇಲ್ ಕಳಿಸುವ, ಪಡೆಯುವ ಕಂಪ್ಯೂಟರ್) ಕೂಡ ನಾನೇ ನೋಡಿಕೊಳ್ಳುತ್ತಿದ್ದೇನೆ. ಓದಿದ್ದು ಬಿಕಾಂ. ಸರ್ವರ್ ಕೆಲಸ ಮಾಡುತ್ತಾ ಮಾಡುತ್ತಾ ಕಲಿತದ್ದು. ಅಷ್ಟು ವರ್ಷದಲ್ಲಿ ನನಗೆ ಗಟ್ಟಿಯಾಗಿ ತಿಳಿದ ಒಂದು ವಿಷಯ ಹೇಳಬೇಕು ಅಂತಲೇ ಈ ಪತ್ರ. ಮೇಲ್ ಸುಮ್ನೆ ಮಾಯ ಆಗುವುದು ತೀರಾ ಅಪರೂಪ. ಅದನ್ನು ಯಾರೋ ಬೇಡ ಅಂದಿರುತ್ತಾರೆ, ಅಥವಾ ಅದು ಎಲ್ಲೋ ಕಾಯುತ್ತಿರುತ್ತದೆ, ಅಥವಾ ತಲುಪಿಯೂ ಸ್ಪ್ಯಾಮ್ ಡಬ್ಬಿಯಲ್ಲಿ ಬಿದ್ದಿರುತ್ತದೆ. ಕಳಿಸಿದವರ ಸರ್ವರ್‌ನಲ್ಲಿ ಪ್ರತಿ ಮೇಲ್‌ಗೂ ಏನಾಯಿತು ಅಂತ ಒಂದು ಸಾಲು ಬರೆದಿರುತ್ತದೆ, ಗಂಟೆ ನಿಮಿಷ ಸೆಕೆಂಡ್ ಸಮೇತ. ಆ ದಾಖಲೆಗೇ ಲಾಗ್ ಅನ್ನುವುದು. ಅದನ್ನು ಓದುವ ಕೆಲಸ ಯಾರದ್ದು ಅಂತ ಕಚೇರಿಗಳಲ್ಲಿ ಯಾರಿಗೂ ಹೇಳಿರುವುದಿಲ್ಲ.

ಮೇಲ್ ಸರ್ವರ್‌ಗಳು ಒಂದಕ್ಕೊಂದು ಮಾತಾಡುವ ರೀತಿ ಸರಳ. ಎಸ್‌ಎಂಟಿಪಿ ಅಂತ ಅದರ ಹೆಸರು. 1982ರಲ್ಲಿ ಜಾನ್ ಪೋಸ್ಟೆಲ್ ಅನ್ನುವ ಕಂಪ್ಯೂಟರ್ ವಿಜ್ಞಾನಿ ಬರೆದಿಟ್ಟ ನಿಯಮ, ಬುಡ ಇವತ್ತಿಗೂ ಅದೇ. ನಮ್ಮ ಸರ್ವರ್ ಆ ಕಡೆಯ ಸರ್ವರ್‌ನ 25ನೇ ಪೋರ್ಟ್, ಅಂದರೆ ಮೇಲ್ ಬರುವ ಬಾಗಿಲು, ತಟ್ಟಿ ತನ್ನ ಹೆಸರು ಹೇಳುತ್ತದೆ, ಇಂಥವರಿಂದ ಇಂಥವರಿಗೆ ಒಂದು ಪತ್ರ ಇದೆ ಅನ್ನುತ್ತದೆ. ಪ್ರತಿ ಮಾತಿಗೂ ಆ ಕಡೆಯಿಂದ ಮೂರಂಕಿಯ ಉತ್ತರ ಬರುತ್ತದೆ. 2ರಿಂದ ಶುರುವಾದರೆ ಒಪ್ಪಿಗೆ. 4ರಿಂದ ಶುರುವಾದರೆ ಈಗ ಬೇಡ, ಆಮೇಲೆ ಬಾ. 5ರಿಂದ ಶುರುವಾದರೆ ಬೇಡವೇ ಬೇಡ, ಮತ್ತೆ ಬರಬೇಡ. ಪತ್ರವನ್ನು ಪೂರ್ತಿ ತೆಗೆದುಕೊಂಡ ಮೇಲೆ ಆ ಸರ್ವರ್ 250 ಅನ್ನುತ್ತದೆ, ಜೊತೆಗೆ ಸಾಮಾನ್ಯವಾಗಿ ತನ್ನ ಕಡೆಯ ಒಂದು ಗುರುತಿನ ನಂಬರನ್ನೂ ಕೊಡುತ್ತದೆ. ರಿಜಿಸ್ಟರ್ ಪೋಸ್ಟ್ ಮಾಡಿದರೆ ಸಹಿ ಹಾಕಿದ ಅಕ್ನಾಲೆಜ್‌ಮೆಂಟ್ ಕಾರ್ಡ್ ವಾಪಸ್ ಬರುತ್ತದಲ್ಲ, ಹಾಗೆ. "ಕಳಿಸಿದ್ದೇವೆ" ಅನ್ನುವ ಕಚೇರಿಯ ಹತ್ತಿರ ಈ 250ರ ಸಾಲು ಇರಬೇಕು. ಇದ್ದರೆ ಕಳಿಸಿದ್ದಾರೆ. ಇಲ್ಲದಿದ್ದರೆ ಗುಂಡಿ ಒತ್ತಿದ್ದಾರೆ ಅಷ್ಟೆ, ಪತ್ರ ಹೋಗಿಲ್ಲ.

ನಮ್ಮಲ್ಲಿ ಪೋಸ್ಟ್‌ಫಿಕ್ಸ್ ಅನ್ನುವ ತಂತ್ರಾಂಶ ಇದೆ. ಮೇಲ್ ಕಳಿಸುವುದು, ತೆಗೆದುಕೊಳ್ಳುವುದು ಅದರ ಕೆಲಸ. ಬಂದದ್ದನ್ನು ಸಿಬ್ಬಂದಿಯ ಫೋನಿಗೆ, ಕಂಪ್ಯೂಟರಿಗೆ ತೋರಿಸುವುದು ಡವ್‌ಕಾಟ್. ಎರಡೂ ಉಚಿತ. ಪೋಸ್ಟ್‌ಫಿಕ್ಸ್ ಪ್ರತಿ ಪತ್ರಕ್ಕೂ ಒಂದು ಕ್ಯೂ ಐಡಿ ಕೊಡುತ್ತದೆ. ಆ ಐಡಿ ಹಿಡಿದು ಲಾಗ್‌ನಲ್ಲಿ ಹುಡುಕಿದರೆ ಪತ್ರದ ಇಡೀ ಜಾತಕ ಸಿಗುತ್ತದೆ: ಯಾರು ಕೊಟ್ಟರು, ಎಷ್ಟು ದೊಡ್ಡದು, ಯಾವ ಸರ್ವರ್‌ಗೆ ಹೋಯಿತು, ಅದು ಏನಂದಿತು. ಕೊನೆಯಲ್ಲಿ ಸ್ಟೇಟಸ್ ಅಂತ ಇದ್ದು ಸೆಂಟ್, ಡಿಫರ್ಡ್, ಬೌನ್ಸ್ಡ್ ಈ ಮೂರರಲ್ಲಿ ಒಂದು ಇರುತ್ತದೆ. ಹೋಯಿತು, ಕಾಯುತ್ತಿದೆ, ತಿರುಗಿ ಬಂತು. ಇದನ್ನು ಓದಲು ಎಂಜಿನಿಯರ್ ಆಗಬೇಕಿಲ್ಲ. ಖಾತೆ ಪುಸ್ತಕ ಓದಲು ಬರುವ ಯಾರಿಗಾದರೂ ಒಂದು ಮಧ್ಯಾಹ್ನದಲ್ಲಿ ಕಲಿಸಬಹುದು. ನಾನು ನಮ್ಮ ಕಚೇರಿಯಲ್ಲಿ ಇಬ್ಬರಿಗೆ ಕಲಿಸಿದ್ದೇನೆ.

2019ರ ಆಗಸ್ಟ್ ಮಳೆ ನಮ್ಮ ಕಡೆಯವರು ಯಾರೂ ಮರೆತಿಲ್ಲ. ಆಗ ಸರ್ವರ್ ಸಂಘದ ಕಚೇರಿಯಲ್ಲೇ ಒಂದು ಮೂಲೆಯಲ್ಲಿತ್ತು. ಕರೆಂಟ್ ಹೋಯಿತು, ಯುಪಿಎಸ್ ಸತ್ತಿತು, ದಾರಿಯಲ್ಲಿ ಮರ ಬಿದ್ದು ಕೇಬಲ್ಲೂ ಹರಿಯಿತು. ಎರಡೂವರೆ ದಿನ ಸರ್ವರ್ ಇರಲೇ ಇಲ್ಲ. ಅಷ್ಟು ದಿನದ ಮೇಲ್ ಎಲ್ಲ ಹೋಯಿತು ಅಂತಲೇ ನಾನು ಅಂದುಕೊಂಡಿದ್ದೆ. ಕರೆಂಟ್ ಬಂದು ಸರ್ವರ್ ಎದ್ದ ಒಂದು ಗಂಟೆಯೊಳಗೆ ಬೇರೆ ಬೇರೆ ಊರಿನ ಸರ್ವರ್‌ಗಳಿಂದ ಮೇಲ್ ಬರಲು ಶುರುವಾಯಿತು, ಕರೆಂಟ್ ಹೋದ ದಿನದ್ದೂ ಸೇರಿ. ಆಗ ಓದಿ ತಿಳಿದುಕೊಂಡೆ. ಆ ಕಡೆಯ ಸರ್ವರ್ ಸಿಗದಿದ್ದರೆ ಕಳಿಸುವ ಸರ್ವರ್ ಪತ್ರವನ್ನು ಎಸೆಯುವುದಿಲ್ಲ, ಕ್ಯೂನಲ್ಲಿ ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಕನಿಷ್ಠ ನಾಲ್ಕೈದು ದಿನ ಹಾಗೆ ಮಾಡಬೇಕು ಅಂತ ನಿಯಮವೇ ಇದೆ. ಪೋಸ್ಟ್‌ಫಿಕ್ಸ್‌ನಲ್ಲಿ ನಾವೇನೂ ಬದಲಿಸದಿದ್ದರೆ ಅದು ಐದು ದಿನ, ಎರಡು ಪ್ರಯತ್ನಗಳ ನಡುವೆ ಜಾಸ್ತಿ ಅಂದರೆ 4000 ಸೆಕೆಂಡ್, ಅಂದರೆ ಒಂದು ಗಂಟೆ ಏಳು ನಿಮಿಷದ ಹತ್ತಿರ. ನಲವತ್ತು ವರ್ಷದ ಹಿಂದೆ ಕಂಪ್ಯೂಟರ್ ಲೈನ್‌ಗಳು ನಮ್ಮ ಮಳೆಗಾಲದ ಕರೆಂಟಿನ ಹಾಗೆ ಬಂದು ಹೋಗುತ್ತಿದ್ದವಲ್ಲ, ಆಗಿನವರು ಮಾಡಿದ ವ್ಯವಸ್ಥೆ. ನಮ್ಮಂಥ ಊರಿಗೆ ಇದಕ್ಕಿಂತ ಒಳ್ಳೆಯದು ಬೇಕಾ?

ಆಮೇಲೆ ಆಡಳಿತ ಮಂಡಳಿಯವರು ಹೆದರಿ, ಸರ್ವರನ್ನು ಮುಂಬೈಯ ಡೇಟಾ ಸೆಂಟರ್ ಒಂದರ ಬಾಡಿಗೆ ಯಂತ್ರಕ್ಕೆ ಸಾಗಿಸಿ ಅಂದರು. ಸಾಗಿಸಿದೆ. ಅಲ್ಲಿ ಕರೆಂಟ್ ಹೋಗುವುದಿಲ್ಲ, ಆದರೆ ನಿಜವಾಗಿ ಮೇಲ್ ಕಳೆದದ್ದು ಆಗಲೇ. ತಪ್ಪು ನನ್ನದೇ. ಸ್ಪ್ಯಾಮ್ ಕಳಿಸುವ ಯಂತ್ರಗಳ ಕಪ್ಪುಪಟ್ಟಿ ಇಡುವ ಸ್ಪಾಮ್‌ಹೌಸ್ ಅನ್ನುವ ಸಂಸ್ಥೆ ಇದೆ. ನಮ್ಮ ಬಾಗಿಲಿಗೆ ಬಂದ ಪ್ರತಿ ಯಂತ್ರದ ಐಪಿಯನ್ನೂ (ಅಂಕಿಗಳಲ್ಲಿರುವ ವಿಳಾಸ) ಡಿಎನ್‌ಎಸ್ (ಇಂಟರ್ನೆಟ್ಟಿನ ಹೆಸರು-ವಿಳಾಸಗಳ ಡೈರೆಕ್ಟರಿ) ಮೂಲಕ ಅವರನ್ನು ಕೇಳುತ್ತೇವೆ, ಪಟ್ಟಿಯಲ್ಲಿದ್ದರೆ 127.0.0ರಿಂದ ಶುರುವಾಗುವ ಒಂದು ಉತ್ತರ ಬರುತ್ತದೆ, ಇಲ್ಲದಿದ್ದರೆ ಉತ್ತರವೇ ಇಲ್ಲ. ಹೊಸ ಯಂತ್ರದಲ್ಲಿ ಎಲ್ಲರೂ ಬಳಸುವ ಸಾರ್ವಜನಿಕ ಡಿಎನ್‌ಎಸ್ ಹಾಕಿತ್ತು. ಅಲ್ಲಿಂದ ಕೇಳಿದರೆ ಸ್ಪಾಮ್‌ಹೌಸ್ 127.255.255.254 ಅನ್ನುತ್ತದೆ. ಹಾಗಂದರೆ "ನೀವು ಕೇಳುವ ದಾರಿ ಸರಿಯಿಲ್ಲ" ಅಂತ ಅರ್ಥ. ಯಾವ ಉತ್ತರಕ್ಕೆ ತಡೆಯಬೇಕು ಅಂತ ನಾನು ಬರೆದಿರಲಿಲ್ಲ, ಹಾಗಾಗಿ ನನ್ನ ಸರ್ವರ್ ಏನೇ ಉತ್ತರ ಬಂದರೂ ಪಟ್ಟಿಯಲ್ಲಿದೆ ಅಂತ ತಿಳಿದು, ಬಂದವರನ್ನೆಲ್ಲ 554 ಅಂತ ವಾಪಸ್ ಅಟ್ಟಿತು. ಬೆಳಿಗ್ಗೆಯಿಂದ ಮಧ್ಯಾಹ್ನ ಮೂರರವರೆಗೆ ಒಂದೇ ಒಂದು ಮೇಲ್ ಒಳಗೆ ಬರಲಿಲ್ಲ. 5ರಿಂದ ಶುರುವಾಗುವ ಉತ್ತರ ಕೊಟ್ಟರೆ ಯಾರೂ ಮತ್ತೆ ಪ್ರಯತ್ನಿಸುವುದಿಲ್ಲ. ಎರಡೂವರೆ ದಿನ ಸತ್ತು ಮಲಗಿದ ಸರ್ವರ್ ಒಂದು ಪತ್ರವನ್ನೂ ಕಳೆಯಲಿಲ್ಲ, ಚೆನ್ನಾಗಿ ಓಡುತ್ತಾ ತಪ್ಪು ಉತ್ತರ ಕೊಟ್ಟ ಸರ್ವರ್ ಅರ್ಧ ದಿನದ ಪತ್ರಗಳನ್ನು ವಾಪಸ್ ಕಳಿಸಿತು.

ಸರಿ ಮಾಡಿದ್ದು ಹೀಗೆ. ಯಂತ್ರದಲ್ಲೇ ಅನ್‌ಬೌಂಡ್ ಅನ್ನುವ ಸ್ವಂತ ಡಿಎನ್‌ಎಸ್ ಹಾಕಿದೆ. 127.0.0.2ರಿಂದ 127.0.0.11ರ ಒಳಗಿನ ಉತ್ತರ ಬಂದರೆ ಮಾತ್ರ ತಡೆ ಅಂತ ಬರೆದೆ. ಮತ್ತು ಮೊದಲೇ ಮಾಡಬೇಕಿದ್ದ ಒಂದು ಕೆಲಸ ಕಲಿತೆ, ಸರ್ವರ್ ನೋಡಿಕೊಳ್ಳುವ ಎಲ್ಲರಿಗೂ ಕೈಮುಗಿದು ಹೇಳುತ್ತೇನೆ. ಪೋಸ್ಟ್‌ಫಿಕ್ಸ್‌ನಲ್ಲಿ ಸಾಫ್ಟ್ ಬೌನ್ಸ್ ಅಂತ ಒಂದು ಸೆಟ್ಟಿಂಗ್ ಇದೆ. ಏನೇ ಬದಲಾವಣೆ ಮಾಡುವ ಮೊದಲು ಅದನ್ನು "ಯೆಸ್" ಮಾಡಿ. ಆಗ ಸರ್ವರ್ 5ರ ಬದಲು 4ರ ಉತ್ತರ ಕೊಡುತ್ತದೆ. ನೀವು ತಪ್ಪು ಮಾಡಿದ್ದರೂ ಕಳಿಸಿದವರು ಮತ್ತೆ ಬರುತ್ತಾರೆ, ಸಂಜೆಯೊಳಗೆ ಸರಿ ಮಾಡಿಕೊಳ್ಳಲು ಹೊತ್ತು ಸಿಗುತ್ತದೆ. ಎಲ್ಲ ಸರಿ ಇದೆ ಅಂತ ಲಾಗ್ ನೋಡಿ ಖಚಿತವಾದ ಮೇಲೆ "ನೋ" ಮಾಡಿ.

ಈಗ ನಾನು ಕೊಟ್ಟ ತಪ್ಪು ಉತ್ತರದ ವಿಷಯಕ್ಕೆ ಬರುತ್ತೇನೆ.

ನಮ್ಮ ಸಂಘದಿಂದ ಸದಸ್ಯರಿಗೆ ವಿಕ್ರಿ ಪಟ್ಟಿ ಮೇಲ್‌ನಲ್ಲಿ ಹೋಗುತ್ತದೆ. ಅವರ ರಾಶಿ (ಬೇಯಿಸಿ ಒಣಗಿಸಿದ ಕೆಂಪಡಿಕೆ) ಎಷ್ಟು ಕ್ವಿಂಟಲ್ ಹೋಯಿತು, ಚಾಲಿ (ಸಿಪ್ಪೆ ಸಮೇತ ಒಣಗಿಸಿದ ಬಿಳಿ ಅಡಿಕೆ) ಯಾವ ದರಕ್ಕೆ ಹೋಯಿತು, ಕಳೆದು ಕೈಗೆಷ್ಟು ಅಂತ. ತೋಟ ನೋಡುವ ಅಪ್ಪ ಅಮ್ಮ ಇಲ್ಲಿ, ಮಕ್ಕಳು ಬೆಂಗಳೂರಲ್ಲೋ ಅಮೆರಿಕದಲ್ಲೋ ಇರುವ ಮನೆಗಳೇ ಜಾಸ್ತಿ, ಹಾಗಾಗಿ ಪಟ್ಟಿ ಮೇಲ್‌ನಲ್ಲಿ ಹೋದರೆ ಇಬ್ಬರಿಗೂ ಅನುಕೂಲ. 2024ರ ಏಪ್ರಿಲ್‌ನಲ್ಲಿ ಹಿರಿಯ ಸದಸ್ಯೆಯೊಬ್ಬರು ಕೌಂಟರ್ ಹತ್ತಿರ ಬಂದು, "ತಮ್ಮಾ, ಪಟ್ಟಿ ಬರದೆ ಹತ್ತು ದಿನ ಆತು, ಮಗ ದಿನಾ ಫೋನ್ ಮಾಡಿ ಕೇಳ್ತಾನೆ" ಅಂದರು. ಅದನ್ನು ನೋಡಿಕೊಂಡು ಉಳಿದ ಚಾಲಿ ಕೊಡಬೇಕೋ ಇಟ್ಟುಕೊಳ್ಳಬೇಕೋ ಅಂತ ಅವರು ತೀರ್ಮಾನ ಮಾಡಬೇಕಿತ್ತು. ನಾನು ತಲೆ ಎತ್ತಿ, "ಕಳಿಸಿದ್ದೇವೆ ಅಮ್ಮ, ಸ್ಪ್ಯಾಮ್‌ನಲ್ಲಿ ನೋಡಲು ಹೇಳಿ" ಅಂದೆ. ಅವರು ಸರಿ ಅಂತ ಹೋದರು. ಮರುದಿನ ಮತ್ತೆ ಬಂದರು, ಹನ್ನೆರಡು ಕಿಲೋಮೀಟರ್ ಬಸ್ಸಿನಲ್ಲಿ, "ಅಲ್ಲೂ ಇಲ್ಲ ತಮ್ಮಾ" ಅಂತ ಹೇಳಲು.

ಆಗ ಲಾಗ್ ತೆರೆದೆ. ಹನ್ನೊಂದು ದಿನದಿಂದ ದೊಡ್ಡ ಮೇಲ್ ಕಂಪನಿಯೊಂದಕ್ಕೆ ಹೋದ ಪಟ್ಟಿಗಳೆಲ್ಲ 550 ಅಂತ ತಿರುಗಿ ಬಂದಿದ್ದವು. ಕಾರಣವನ್ನೂ ಆ ಕಂಪನಿಯ ಸರ್ವರ್ ಸ್ಪಷ್ಟವಾಗಿ ಬರೆದಿತ್ತು: ಈ ಪತ್ರ ನಿಮ್ಮದೇ ಅಂತ ದೃಢಪಡುತ್ತಿಲ್ಲ. ಹಾಗಾದರೆ ತಿರುಗಿ ಬಂದ ಸೂಚನೆಗಳು ಎಲ್ಲಿ ಹೋದವು? ನಮ್ಮ ಲೆಕ್ಕದ ತಂತ್ರಾಂಶ ಪಟ್ಟಿ ಕಳಿಸುವುದು "ನೋರಿಪ್ಲೈ" ಅನ್ನುವ ವಿಳಾಸದಿಂದ. ಬೌನ್ಸ್ ಆದದ್ದು ಕಳಿಸಿದ ವಿಳಾಸಕ್ಕೇ ವಾಪಸ್ ಬರುತ್ತದೆ. ಆ ಡಬ್ಬಿ ತೆರೆದು ನೋಡಿದೆ, 212 ಸೂಚನೆಗಳು ಸಾಲಾಗಿ ಕೂತಿದ್ದವು. ಒಂದನ್ನೂ ಯಾರೂ ಓದಿರಲಿಲ್ಲ. ಆ ಡಬ್ಬಿಯ ಪಾಸ್‌ವರ್ಡ್ ಕೂಡ ನನ್ನ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಉತ್ತರ ಬೇಡ ಅಂತ ಹೆಸರಿಟ್ಟು, ಬಂದ ಉತ್ತರವನ್ನು ಓದದೆ, ಅಷ್ಟು ವಯಸ್ಸಾದವರನ್ನು ಎರಡು ಸಲ ಬಸ್ಸು ಹತ್ತಿಸಿದ್ದೆವು. ಅವತ್ತು ಸಂಜೆ ಅವರ ಮನೆಗೆ ಪಟ್ಟಿಯ ಪ್ರಿಂಟ್ ತೆಗೆದುಕೊಂಡು ಹೋದೆ.

ಕಾರಣ ಏನಾಗಿತ್ತು ಅಂದರೆ, ಎಸ್‌ಪಿಎಫ್ ಅಂತ ಡಿಎನ್‌ಎಸ್‌ನಲ್ಲಿ ಒಂದು ಸಾಲು ಬರೆದಿಡುತ್ತೇವೆ, ನಮ್ಮ ಡೊಮೇನ್ (ಮೇಲ್ ವಿಳಾಸದಲ್ಲಿ @ ಗುರುತಿನ ನಂತರದ ಭಾಗ) ಹೆಸರಲ್ಲಿ ಮೇಲ್ ಕಳಿಸಲು ಯಾವ ಯಂತ್ರಗಳಿಗೆ ಅಧಿಕಾರ ಇದೆ ಅಂತ. ನಮ್ಮದು ಸರಿ ಇತ್ತು. ಹೊಸ ವೆಬ್‌ಸೈಟ್ ಮಾಡಿಕೊಟ್ಟವರು ತಮ್ಮ ಯಂತ್ರಕ್ಕಾಗಿ ಇನ್ನೊಂದು ಸಾಲು ಸೇರಿಸಿದ್ದರು. ಒಂದು ಡೊಮೇನ್‌ಗೆ ಎಸ್‌ಪಿಎಫ್ ಸಾಲು ಒಂದೇ ಇರಬೇಕು. ಎರಡಿದ್ದರೆ ನೋಡುವ ಸರ್ವರ್ ಯಾವುದನ್ನೂ ನಂಬುವುದಿಲ್ಲ, ತಪ್ಪು ಅಂತಲೇ ಬರೆದುಕೊಳ್ಳುತ್ತದೆ. ಅದೇ ವರ್ಷ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ನಿಯಮ ಬಿಗಿ ಮಾಡಿದ್ದವು. ಜಿಮೇಲ್‌ಗೆ ದಿನಕ್ಕೆ 5000ಕ್ಕಿಂತ ಜಾಸ್ತಿ ಕಳಿಸುವವರಿಗೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ (ಈ ಎರಡು ಏನು ಅಂತ ಮುಂದೆ ಹೇಳುತ್ತೇನೆ) ಮೂರೂ ಇರಬೇಕು, ನಮ್ಮಂಥ ಸಣ್ಣವರಿಗೂ ಮೊದಲ ಎರಡರಲ್ಲಿ ಒಂದಾದರೂ ಸರಿ ಇರಬೇಕು ಅಂತ. ನಮಗೆ ಡಿಕಿಮ್ ಇರಲೇ ಇಲ್ಲ. ಇದ್ದ ಒಂದೇ ಆಧಾರ ಮುರಿದಿತ್ತು.

ಎರಡು ಸಾಲು ಸೇರಿಸಿ ಒಂದು ಮಾಡಲು ಐದು ನಿಮಿಷ. (ಒಂದು ಮಾಡುವಾಗ ಅದರೊಳಗೆ ಡಿಎನ್‌ಎಸ್ ವಿಚಾರಣೆ ಹತ್ತು ದಾಟಬಾರದು, ಅದೂ ಒಂದು ಮಿತಿ.) ಆಮೇಲೆ ಡಿಕಿಮ್ ಹಾಕಿದೆ. ಅದು ಲಕೋಟೆಗೆ ಅರಗಿನ ಮುದ್ರೆ ಒತ್ತಿದ ಹಾಗೆ. ಗುಟ್ಟಿನ ಕೀಲಿ ನಮ್ಮ ಸರ್ವರ್‌ನಲ್ಲಿ, ಮುದ್ರೆ ಪರೀಕ್ಷಿಸುವ ಕೀಲಿ ಎಲ್ಲರಿಗೂ ಕಾಣುವ ಹಾಗೆ ಡಿಎನ್‌ಎಸ್‌ನಲ್ಲಿ. ಡಿಮಾರ್ಕ್ ಅಂದರೆ ಎರಡೂ ಹೊಂದದ ಪತ್ರ ಬಂದರೆ ಏನು ಮಾಡಬೇಕು ಅಂತ ಹೇಳುವ ಸಾಲು. ಮೊದಲು "ನನ್" (none) ಅಂತ ಇಡಿ, ಅಂದರೆ ಏನೂ ಮಾಡಬೇಡಿ, ಸುಮ್ನೆ ವರದಿ ಮಾತ್ರ ಕೊಡಿ ಅಂತ. ದೊಡ್ಡ ಕಂಪನಿಗಳು ಸಾಮಾನ್ಯವಾಗಿ ದಿನಕ್ಕೊಂದು ವರದಿ ಕಳಿಸುತ್ತವೆ, ನಿಮ್ಮ ಹೆಸರಲ್ಲಿ ಯಾವ ಐಪಿಯಿಂದ ಎಷ್ಟು ಮೇಲ್ ಬಂತು, ಎಷ್ಟು ಪಾಸಾಯಿತು ಅಂತ. ಕೆಲವು ವಾರ ಆ ವರದಿ ಓದಿ, ನಿಮ್ಮದೇ ಯಂತ್ರ ಯಾವುದೂ ಬಿಟ್ಟುಹೋಗಿಲ್ಲ ಅಂತ ಗೊತ್ತಾದ ಮೇಲೆ ಬಿಗಿ ಮಾಡಿ. ನಮ್ಮ ವೆಬ್‌ಸೈಟ್ ಯಂತ್ರದ ಇನ್ನೊಂದು ತಪ್ಪು ಸಿಕ್ಕಿದ್ದು ಈ ವರದಿಯಲ್ಲೇ.

ಇನ್ನು ಐಪಿಯಿಂದ ಹೆಸರಿಗೆ ಹೋಗುವ ಪಿಟಿಆರ್ ದಾಖಲೆ. ಇದರಲ್ಲಿ ಎಡವುವವರು ಬಹಳ ಜನ. ಇದನ್ನು ಡೊಮೇನ್ ಕೊಂಡ ಜಾಗದಲ್ಲಿ ಹುಡುಕಿದರೆ ಸಿಗುವುದಿಲ್ಲ, ಐಪಿ ಕೊಟ್ಟವರಿಗೇ ಹೇಳಿ ಹಾಕಿಸಬೇಕು. ಆ ಹೆಸರು, ಸರ್ವರ್ ತನ್ನನ್ನು ಪರಿಚಯಿಸಿಕೊಳ್ಳುವ ಹೆಸರು, ಆ ಹೆಸರು ತೋರಿಸುವ ಐಪಿ, ಮೂರೂ ಒಂದಕ್ಕೊಂದು ಹೊಂದಿದ್ದರೆ ಚೆನ್ನ.

ನಮ್ಮ ಕಚೇರಿಯಲ್ಲಿ ಇದಕ್ಕಿಂತ ದೊಡ್ಡ ಬದಲಾವಣೆ ತಂದದ್ದು ಬೇರೊಂದು. ಬೌನ್ಸ್ ಸೂಚನೆಗಳು ಇಂಗ್ಲಿಷಿನಲ್ಲಿ ಬರುತ್ತವೆ, ಉದ್ದಕ್ಕೆ, ಅಂಕಿಗಳು ತುಂಬಿ. ನಮ್ಮ ಸಿಬ್ಬಂದಿ ಅದನ್ನು ವೈರಸ್ ಇರಬೇಕು ಅಂತ ಅಳಿಸುತ್ತಿದ್ದರು. ಅವರನ್ನು ದೂರುವ ಹಾಗಿಲ್ಲ. ಪೋಸ್ಟ್‌ಫಿಕ್ಸ್‌ನಲ್ಲಿ ಬೌನ್ಸ್ ಟೆಂಪ್ಲೇಟ್ ಅಂತ ಇದೆ, ಆ ಸೂಚನೆಯ ಮಾತನ್ನು ನಾವೇ ಬರೆಯಬಹುದು, ಯುಟಿಎಫ್-8 ಅಂತ ಹೇಳಿದರೆ ಕನ್ನಡದಲ್ಲೇ ಬರೆಯಬಹುದು. ನಾನು ಹೀಗೆ ಬರೆದೆ: "ನೀವು ಕಳಿಸಿದ ಪತ್ರ ತಲುಪಲಿಲ್ಲ. ಇದು ವೈರಸ್ ಅಲ್ಲ. ಕಾರಣ ಕೆಳಗಿನ ಸಾಲಿನಲ್ಲಿದೆ. ಅಳಿಸಬೇಡಿ, ಲೆಕ್ಕ ವಿಭಾಗಕ್ಕೆ ಫೋನ್ ಮಾಡಿ." ಕ್ಯೂನಲ್ಲಿ ಕಾಯುತ್ತಿರುವ ಪತ್ರದ ಬಗ್ಗೆ ಎಚ್ಚರಿಸುವುದನ್ನು ಪೋಸ್ಟ್‌ಫಿಕ್ಸ್ ತಾನಾಗಿ ಮಾಡುವುದಿಲ್ಲ, ಅದನ್ನೂ ನಾಲ್ಕು ಗಂಟೆಗೆ ಇಟ್ಟೆ. ಮೊದಲ ವಾರದಲ್ಲೇ ಐದು ಫೋನ್ ಬಂತು. ಮೂರು ಬರೀ ವಿಳಾಸದ ಕಾಗುಣಿತ ತಪ್ಪು, ಒಂದು ಆ ಕಡೆಯವರ ಡಬ್ಬಿ ತುಂಬಿದ್ದು, ಒಂದು ದೊಡ್ಡ ಸ್ಕ್ಯಾನ್ ಫೈಲು. ಏಳೆಂಟು ಎಂಬಿ ಫೈಲು ಮೇಲ್‌ನಲ್ಲಿ ಹೋಗುವಾಗ ಮೂರನೇ ಒಂದು ಭಾಗ ಉಬ್ಬುತ್ತದೆ, ನಮ್ಮ ಸರ್ವರ್‌ನ ಮಿತಿ ಹತ್ತು ಎಂಬಿ ಹತ್ತಿರ. ಹಿಂದೆಲ್ಲ ಇವೇ "ಮೇಲ್ ಪ್ರಾಬ್ಲಂ" ಆಗಿದ್ದವು.

ಇಷ್ಟೆಲ್ಲ ಯಾಕೆ, ದೊಡ್ಡ ಕಂಪನಿಗೆ ದುಡ್ಡು ಕೊಟ್ಟು ಅವರ ಮೇಲ್ ತೆಗೆದುಕೊಂಡರೆ ಆಗದಾ ಅಂತ ಕೇಳುತ್ತಾರೆ. ತೆಗೆದುಕೊಳ್ಳಲಿ, ನನ್ನ ತಕರಾರಿಲ್ಲ. ಆದರೆ ಡಿಎನ್‌ಎಸ್ ಸಾಲುಗಳು ಆಗಲೂ ನಿಮ್ಮವೇ, ಮತ್ತು ತಿರುಗಿ ಬಂದ ಸೂಚನೆಯನ್ನು ಯಾವ ಕಂಪನಿಯೂ ನಿಮ್ಮ ಪರವಾಗಿ ಓದುವುದಿಲ್ಲ.

ಹಾಗಾಗಿ ಸರ್ಕಾರಿ ಕಚೇರಿ, ಕಾಲೇಜು, ಸಂಘ, ಬ್ಯಾಂಕು, ಜನರಿಗೆ ಮೇಲ್‌ನಲ್ಲಿ ಕರೆ ಕಳಿಸುವ ಎಲ್ಲರಲ್ಲೂ ನನ್ನ ಬೇಡಿಕೆ ಇದು. "ನೋರಿಪ್ಲೈ" ವಿಳಾಸ ತೆಗೆದುಹಾಕಿ, ಅಥವಾ ಆ ಡಬ್ಬಿಯನ್ನು ದಿನಾ ಬೆಳಿಗ್ಗೆ ತೆರೆಯುವ ಒಬ್ಬರ ಹೆಸರು ಬರೆದು ಗೋಡೆಗೆ ಹಚ್ಚಿ. ಪೋಸ್ಟ್‌ಮಾಸ್ಟರ್ ಅನ್ನುವ ವಿಳಾಸ ಮೇಲ್ ಪಡೆಯುವ ಪ್ರತಿ ಡೊಮೇನ್‌ನಲ್ಲೂ ಇರಲೇಬೇಕು ಅಂತ ಎಸ್‌ಎಂಟಿಪಿ ನಿಯಮದಲ್ಲೇ ಇದೆ. ಅದಕ್ಕೆ ಬರೆದರೆ ಒಬ್ಬ ಮನುಷ್ಯ ಓದಬೇಕು. ಮುಖ್ಯವಾದ ಕರೆ ಕಳಿಸಿದಾಗ ಯಾರಿಗೆಲ್ಲ 250 ಬಂತು, ಯಾರದ್ದು ತಿರುಗಿ ಬಂತು ಅಂತ ಅವತ್ತೇ ಪಟ್ಟಿ ತೆಗೆಯಿರಿ. ತಿರುಗಿ ಬಂದವರಿಗೆ ಫೋನ್ ಮಾಡಿ, ಇಲ್ಲವೇ ಅಂಚೆಯಲ್ಲಿ ಕಳಿಸಿ. ನೂರಕ್ಕೆ ಐದಾರು ಜನ ಇದ್ದರೂ ಒಂದು ಮಧ್ಯಾಹ್ನದ ಕೆಲಸ.

ಕೊನೆಗೆ, ಆ ಪತ್ರ ಬರೆದ ತಂದೆಯವರಿಗೆ ಒಂದು ಮಾತು. ಸರ್, ಆ ಕಚೇರಿಗೆ ಹೋಗಿ ಲಿಖಿತವಾಗಿ ಕೇಳಿ: ನನ್ನ ಮಗಳ ಈ ವಿಳಾಸಕ್ಕೆ ಈ ದಿನ ಕಳಿಸಿದ ಮೇಲ್‌ನ ಲಾಗ್ ಸಾಲು ಬೇಕು, ಆ ಕಡೆಯ ಸರ್ವರ್ ಕೊಟ್ಟ ಉತ್ತರ ಸಮೇತ, ಮತ್ತು ಆ ದಿನದ ಲಾಗ್ ಅಳಿಸದೆ ಇಡಿ. ಅರ್ಜಿಗೆ ಸ್ವೀಕೃತಿ ಹಾಕಿಸಿಕೊಳ್ಳಿ. ಸರ್ಕಾರಿ ಕಚೇರಿಯಾದರೆ ಮಾಹಿತಿ ಹಕ್ಕಿನಲ್ಲೂ ಕೇಳಬಹುದು, ಆದರೆ ಅದಕ್ಕೆ ಉತ್ತರ ಕೊಡಲು 30 ದಿನ ಇರುತ್ತದೆ, ಅದನ್ನೇ ನಂಬಿ ಕೂರಬೇಡಿ. ಯಾಕೆಂದರೆ ಸರ್ವರ್ ನಡೆಸುವ ಡೆಬಿಯನ್ ಅನ್ನುವ ತಂತ್ರಾಂಶ ಇರುವ ಬಹಳಷ್ಟು ಯಂತ್ರಗಳಲ್ಲಿ ಬೇರೆ ಏನೂ ಹೇಳದಿದ್ದರೆ ಲಾಗ್ ವಾರಕ್ಕೊಮ್ಮೆ ಮಡಚಿಕೊಳ್ಳುತ್ತದೆ, ಹಳೆಯದು ನಾಲ್ಕು ವಾರದ್ದು ಮಾತ್ರ ಉಳಿಯುತ್ತದೆ. ಮೇಲ್ ಕಳಿಸಿದ್ದು ಅಂತ ನಿಮ್ಮ ಪತ್ರದಲ್ಲಿರುವ ತಾರೀಕಿಗೆ ಇವತ್ತಿಗೆ ಹತ್ತೊಂಬತ್ತು ದಿನ. ಆ ಸಾಲು ಇನ್ನೂ ಅಲ್ಲೇ ಇರುವ ಸಾಧ್ಯತೆ ಇದೆ. ನಾಳೆಯೇ ಹೋಗಿ.

ಇತಿ,
ಸಹಕಾರಿ ಸಂಘವೊಂದರ ಲೆಕ್ಕಿಗ, ಶಿರಸಿ ತಾಲ್ಲೂಕು